ಸಿಂಕಿನ ನೀರು

ಪುಚಕ್. ಮನೆಯವರೆಲ್ಲ ಮಲಗಿದ್ದ ಹೊತ್ತು. ಸದ್ದು ತಂಗಿಯ ಕೋಣೆಯಿಂದ ಬಂತು. ಅಕ್ಕನಿಗೆ ಮೊದಲೇ ಕೋಳಿನಿದ್ದೆ, ಎದ್ದು ಹೋಗಿ ಬಾಗಿಲು ಸರಿಸಿದಳು. ತಂಗಿ ಗೋಡೆಗೊರಗಿ ಕೂತು ಲೋಷನ್ ಬಾಟಲಿಯ ಮೂತಿ ಒತ್ತಿ, ಅಂಗೈಗೆ ಬಿದ್ದ ಹನಿಯನ್ನು ಮೂಸುತ್ತಿದ್ದಳು.

“ಪಾಪೂ ಕಾಲಿನ ವಾಸನೆ ಕಣೇ.”

ತಂಗಿಯ ಪಾಪು ತೀರಿಕೊಂಡು ಎರಡು ವಾರವಾಗಿತ್ತು. ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಇದ್ದು, ರಕ್ತಕ್ಕೆ ನಂಜೇರಿ ಹೋಗಿತ್ತು. ಅಕ್ಕನಿಗೆ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಆ ರಕ್ತದಲ್ಲಿ ಬೆಳೆದ ರೋಗಾಣುವನ್ನು ತಟ್ಟೆಯ ಮೇಲೆ ಹರಡಿ ಔಷಧಿಯ ಬಿಲ್ಲೆಗಳನ್ನಿಟ್ಟವಳೂ ಅವಳೇ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ತಿಳಿಯಾದ ಬಳೆಯೊಂದು ಮೂಡಬೇಕು. ಒಂದಕ್ಕೂ ಬಳೆಯಿರಲಿಲ್ಲ, ಬಿಲ್ಲೆಗಳ ಅಂಚಿನವರೆಗೂ ಮಂಜು ಕವಿದಂತೆ ಬೆಳೆದಿತ್ತು. ಅದು ಎಲ್ಲಿಂದ ಬಂತೆಂದು ನರ್ಸುಗಳ ಕೈ, ಪೆಟ್ಟಿಗೆಯ ಕಿಂಡಿ, ನಲ್ಲಿಯ ಬಾಯಿ ಎಲ್ಲವನ್ನೂ ಒರೆಸಿ ತಂದು ನೋಡಿದ್ದರು. ಸಿಕ್ಕಿರಲಿಲ್ಲ. ಆ ವಾರ್ಡಿನಲ್ಲಿ ಇನ್ನೂ ಐದಾರು ಕೂಸುಗಳಿದ್ದವು.

“ಇಷ್ಟು ದಿನ ಬಂತಾ ಇದು?” ಅಕ್ಕ ಸುಮ್ಮನೆ ಕೇಳಿದಳು.

“ಖಾಲಿ ಆಗ್ತಾ ಬಂದಿತ್ತು. ವಾರ್ಡಿನ ಸಿಂಕ್ ಒಳಗಿಟ್ಟು ಸ್ವಲ್ಪ ನೀರು ಬಿಟ್ಟು ಕುಲುಕಿದ್ದೆ. ಸೂಜಿ ಚುಚ್ಚೀ ಚುಚ್ಚೀ ಪಾದ ಎಲ್ಲ ಸೀಳಿತ್ತಲ್ಲ, ನೋಡಕ್ಕಾಗದೆ ಅದಕ್ಕೆ ಹಚ್ತಿದ್ದೆ.”

ಅಕ್ಕ ಬಾಟಲಿಗೆ ಕೈ ಚಾಚಿದಳು. “ಬೇರೆ ಮಕ್ಕಳಿಗೇನಾದ್ರೂ ಹಚ್ಚಿದ್ಯಾ?”

“ಪಕ್ಕದ್ ಮಗು ಮುಟ್ಟಿದ್ರೆ ಆ ದಪ್ಪ ನರ್ಸಮ್ಮ ನನ್ನ ಹುರಿದು ಮುಕ್ಕಿರೋಳು.”

“ಕೊಡಿಲ್ಲಿ ಅದನ್ನ. ಕೈ ತೊಳ್ಕೊ.”

“ನಿನ್ನ ಕಣ್ಣಿಗೆ ಎಲ್ಲೆಲ್ಲೂ ಹುಳಾನೇ. ವಾಪಸ್ ಕೊಡ್ಬೇಕು, ಹೇಳಿದೀನಿ.”

ಬೆಳಿಗ್ಗೆ ಅಕ್ಕ ವಾರ್ಡಿನ ಸಿಂಕಿನ ತೂತಿನೊಳಗೆ ಹತ್ತಿಯ ಕಡ್ಡಿ ಇಳಿಸಿ ಒರೆಸಿಕೊಂಡಳು. ಅದನ್ನೊಂದು ತಟ್ಟೆಗೆ, ಲೋಷನ್ನಿನ ಹನಿಯನ್ನು ಇನ್ನೊಂದಕ್ಕೆ ಬಳಿದಳು. ಆ ತಟ್ಟೆಗಳ ಆಹಾರದಲ್ಲೇ ಔಷಧಿ ಬೆರೆತಿರುತ್ತದೆ. ಅದಕ್ಕೆ ಜಗ್ಗದ ರೋಗಾಣುವಷ್ಟೇ ಅಲ್ಲಿ ನೀಲಿ ಚುಕ್ಕೆಯಾಗಿ ಏಳುತ್ತದೆ.

ಮರುದಿನ ಅವಳಿಗಿಂತ ಮೊದಲೇ ತಟ್ಟೆಗಳನ್ನು ಹೊರತೆಗೆದದ್ದು ಅವಳ ಜೊತೆ ಕೆಲಸ ಮಾಡುವವನು. ಕಂಡದ್ದಕ್ಕೆಲ್ಲ ಸ್ಕೇಲು ಹಿಡಿಯುತ್ತಾನೆಂದು ಲ್ಯಾಬಿನವರು ಅವನನ್ನು ಮಿಲಿಮೀಟರ್ ಎಂದೇ ಕರೆಯುತ್ತಿದ್ದರು.

“ಮೇಡಂ, ಸಿಂಕಿನ ತೂತಲ್ಲಿ ಸಂಸಾರಾನೇ ಹೂಡಿದೆ! ನಾವು ನಲ್ಲಿ ಮೂತಿ ಒರೆಸಿ ಬಂದ್ವಿ, ಇದು ಕೆಳಗೆ ಕೂತು ನಗ್ತಿತ್ತು.” ಆಮೇಲೆ ಇನ್ನೊಂದನ್ನು ಬೆಳಕಿಗೆ ಹಿಡಿದ. “ಇದೂ ನೀಲಿ. ಆದ್ರೆ ಮೇಲೆ ಏನೂ ಬರೆದಿಲ್ವಲ್ಲ? ನೀವಾ ಹೀಗೆ ಬಿಡೋದು?”

“ಅದೂ ಸಿಂಕಿನ ನೀರೇ,” ಎಂದಳು.

ದೊಡ್ಡ ಡಾಕ್ಟರಿಗೆ ಸಿಂಕಿನ ವಿಷಯ ತಿಳಿಸಿದಳು. ಸಂಜೆಯೊಳಗೆ ಅದನ್ನು ಮುಚ್ಚಿಸಿ, ಕೂಸುಗಳನ್ನು ಬೇರೆ ಕೋಣೆಗೆ ಸಾಗಿಸಿದರು. ಬಾಟಲಿಯನ್ನು ಅವಳು ತಟ್ಟೆಗಳ ಜೊತೆಗೇ, ರೋಗಾಣು ಸಾಯಲೆಂದು, ಹಬೆಯಲ್ಲಿ ಬೇಯಲು ಹಾಕಿದಳು.

ಮನೆಗೆ ಬಂದಾಗ ತಂಗಿ ಬಾಗಿಲಲ್ಲೇ ನಿಂತಿದ್ದಳು. “ಬಾಟಲಿ?”

“ಬಿಸಾಕಿದೆ. ಕೆಟ್ಟುಹೋಗಿತ್ತು.”

ತಂಗಿ ಅವಳನ್ನೇ ದಿಟ್ಟಿಸಿದಳು. “ನನಗೆ ಉಳಿದಿದ್ದೇ ಅದೊಂದು. ನೀನು ಹೆತ್ತಿದ್ರೆ ಗೊತ್ತಾಗ್ತಿತ್ತು.”

ಅಕ್ಕನಿಗೆ ಉತ್ತರ ಗಂಟಲವರೆಗೆ ಬಂತು. ಒಂದೇ ಮಾತು ಸಾಕಿತ್ತು, ಆ ಸಿಟ್ಟು ತನ್ನ ಮೇಲಿಂದ ಇಳಿಯಲು. ಇಳಿದು ಯಾರ ಮೇಲೆ ಹತ್ತುತ್ತದೆಂಬುದೂ ಗೊತ್ತಿತ್ತು.

“ಪಾಪೂಗೆ ನಂಜು ಎಲ್ಲಿಂದ ಬಂತು ಅಂತ ಗೊತ್ತಾಯ್ತು,” ಎಂದಳು. “ಸಿಂಕಿನ ತೂತಲ್ಲಿತ್ತು. ನೀರು ಬಿದ್ದಾಗ ಚಿಮ್ಮಿ ಎಲ್ಲೆಲ್ಲೋ ಕೂರತ್ತೆ.”

“ನಾನೂ ಅಲ್ಲೇ ಕೈ ತೊಳೀತಿದ್ದೆ...”

“ಎಲ್ಲರೂ ಅಲ್ಲೇ ತೊಳೀತಿದ್ರು.”

ತಂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ಹೆಗಲ ಚೀಲವನ್ನೂ ಇಳಿಸದೆ ನಿಂತಿದ್ದಳು. ಅಮ್ಮನಿಗಾಗಲಿ, ತಂಗಿಯ ಗಂಡನಿಗಾಗಲಿ, ಲ್ಯಾಬಿನಲ್ಲಾಗಲಿ ಆ ಲೋಷನ್ನಿನ ಮಾತು ಎತ್ತುವುದಿಲ್ಲ. ಇವಳು ಜನ್ಮವಿಡೀ ತನ್ನ ಜೊತೆ ಮಾತು ಬಿಟ್ಟರೆ ಬಿಡಲಿ ಎಂದು ಗಟ್ಟಿ ಮಾಡಿಕೊಂಡಳು.