ಎಲ್ಲರೂ ಬಂದಾಯಿತೇ?

ನನ್ನ ಯಜಮಾನರು ಬಣ್ಣ ತಯಾರಿಸುವ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದರು. ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಓಡಬೇಕು, ಎಲ್ಲಿ ಸೇರಬೇಕು, ಸೇರಿದವರನ್ನು ಯಾರು ಎಣಿಸಬೇಕು ಎಂದು ಜನರಿಗೆ ಕಲಿಸುವುದೇ ಅವರ ಕೆಲಸ. ಒಮ್ಮೆ ಅಲ್ಲಿ ನಿಜವಾಗಿಯೇ ಬೆಂಕಿ ಬಿತ್ತು. ಹೊರಗೆ ಎಣಿಸಿದಾಗ ಒಬ್ಬ ಕಡಿಮೆ. ಅವನನ್ನು ಹುಡುಕಲು ಮೇಸ್ತ್ರಿ ಹೊಗೆಯೊಳಕ್ಕೆ ನುಗ್ಗಿದ. ಕಾಣದಿದ್ದ ಆ ಮಹಾಶಯನೋ, ಗೆಳೆಯನ ಕೈಲಿ ಹಾಜರಿ ಹಾಕಿಸಿ ಮನೆಯಲ್ಲಿ ಮಲಗಿದ್ದ. ಮೇಸ್ತ್ರಿ ಹೊರಗೆ ಬರಲಿಲ್ಲ. ಅವನ ಹೆಂಡತಿಗೆ ಸುದ್ದಿ ಹೇಳಲು ಹೋದವರು ನನ್ನ ಯಜಮಾನರು.

ಅಂದಿನಿಂದ ಅವರು ಮನೆಯಲ್ಲೂ ತಾಲೀಮು ಶುರುಮಾಡಿದರು. ಭಾನುವಾರ ಮಧ್ಯಾಹ್ನ, ಎಲ್ಲರೂ ಉಂಡು ಕಣ್ಣು ಮುಚ್ಚುವ ಹೊತ್ತಿಗೆ, ಸೀಟಿ ಊದುವರು. ಮಗಳು ಓಡಿಬಂದು ಗೇಟಿನ ಬಳಿ ನಿಲ್ಲುವಳು. ನಾನು ಮಾತ್ರ ಒಳಗಿನಿಂದಲೇ, "ಒಲೆ ಮೇಲೆ ಹಾಲಿದೆ, ನಿಮ್ಮ ಬೆಂಕಿಗೆ ಸ್ವಲ್ಪ ಕಾಯೋಕೆ ಹೇಳಿ" ಎನ್ನುತ್ತಿದ್ದೆ. ಬೀದಿಯವರು ಕಿಟಕಿಯಲ್ಲಿ ನಿಂತು ನಗುವರು. ಯಜಮಾನರಿಗೆ ಅದರ ಪರಿವೆಯೇ ಇರಲಿಲ್ಲ. ನಾನು ಕೈ ಒರೆಸಿಕೊಂಡು, ಗೊಣಗಿಕೊಂಡು, ಬೇಕೆಂದೇ ನಿಧಾನವಾಗಿ ಗೇಟಿಗೆ ಬರುವವರೆಗೂ ನಿಂತೇ ಇರುವರು. ಬಂದ ಮೇಲೆ, "ಎಲ್ಲರೂ ಬಂದಾಯ್ತು" ಎಂದು ಗಟ್ಟಿಯಾಗಿ ಹೇಳಿಯೇ ಒಳಗೆ ಹೋಗುವರು.

ಇಷ್ಟು ತಾಲೀಮು ಮಾಡಿದ ಮನುಷ್ಯ ಹೋದದ್ದು ಹೇಗೆ? ಬೆಳಗಿನ ಪ್ರಾರ್ಥನೆ ಮುಗಿಸಿ, ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಯಾವ ಸೀಟಿಯೂ ಮೊಳಗಲಿಲ್ಲ. ದೇವರ ಮೇಲೆ ನನಗೆ ಸಿಟ್ಟಿಲ್ಲ. ಕರೆಯುವುದು ಅವನ ಹಕ್ಕು, ಅವನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ನನಗೆ ಸಿಟ್ಟು ಬಂದದ್ದು ಮನುಷ್ಯರ ಅವಸರ ಕಂಡು. ಹೂ ಬಾಡುವ ಮೊದಲೇ ಬ್ಯಾಂಕಿನವರು ಅವರ ಹೆಸರು ತೆಗೆದರು. ಟೆಲಿಫೋನಿನವರು ತೆಗೆದರು. ವಾಚನಾಲಯದವರು ಕೂಡ, ಎರಡು ಪುಸ್ತಕ ವಾಪಸು ಬರಬೇಕೆಂದು ನೆನಪಿಸಿ, ತೆಗೆದರು. ಮಾತನಾಡಿಸಲು ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: "ಪುಣ್ಯವಂತರು, ನರಳಲಿಲ್ಲ." ನರಳುತ್ತಿರುವವಳಿಗೆ ಹೇಳುವ ಮಾತೇ ಅದು?

ಹಡಗಿನ ಪ್ರವಾಸಕ್ಕೆ ಟಿಕೆಟ್ ಕೊಂಡದ್ದು ಅವರು ಇದ್ದಾಗಲೇ. ಆಸೆಯೂ ಅವರದೇ. ಮಗಳು, ಅಳಿಯ, ಬೀಗರು, ಬೀಗಿತ್ತಿ, ನಾವಿಬ್ಬರು. ಅವರು ಹೋದ ಮೇಲೆ ಮಗಳು ಕೇಳಿದಳು: "ಅಮ್ಮ, ಅಪ್ಪನ ಟಿಕೆಟ್ ಏನು ಮಾಡೋಣ?" "ನಾನು ನೋಡ್ಕೋತೀನಿ" ಎಂದೆ. ನಾನು ರದ್ದು ಮಾಡಿಸುತ್ತೇನೆಂದು ಅವಳು ತಿಳಿದಳು. ನಾನು ಹಾಗೆ ಹೇಳಿರಲಿಲ್ಲ.

ಬಂದರಿನಲ್ಲಿ, ಎಂದಿನಂತೆ, ಇಬ್ಬರ ಕಾಗದಗಳನ್ನೂ ಒಟ್ಟಿಗೆ ಮುಂದಿಟ್ಟೆ. ಗುಮಾಸ್ತ ತಲೆ ಎತ್ತಿ ನನ್ನ ಹಿಂದೆ ನೋಡಿದ. ಅಲ್ಲಿ ಬೀಗರು ನಿಂತಿದ್ದರು. ಬಿಳಿ ಕೂದಲಿನ ಗಂಡಸರೆಲ್ಲ ಅವನ ಕಣ್ಣಿಗೆ ಒಂದೇ ಎಂದು ತೋರುತ್ತದೆ. "ಯಜಮಾನ್ರು ಇಲ್ಲೇ ಇದ್ದಾರಲ್ಲ" ಎಂದು ತಾನೇ ಹೇಳಿ, ಎರಡು ಕಾರ್ಡುಗಳನ್ನು ಕೈಗಿಟ್ಟ. ಹಡಗಿನ ಬಾಗಿಲಲ್ಲಿ ಹಿಂದಿನವರು ನೂಕುತ್ತಿದ್ದರು. ಯಂತ್ರಕ್ಕೆ ನನ್ನ ಕಾರ್ಡು ಮುಟ್ಟಿಸಿದೆ, ಅವರದನ್ನೂ ಮುಟ್ಟಿಸಿದೆ. ಎರಡಕ್ಕೂ ಯಂತ್ರ ಒಂದೇ ದನಿಯಲ್ಲಿ ಕುಯ್ಯೆಂದಿತು.

ಕ್ಯಾಬಿನ್ನಿನಲ್ಲಿ ಎರಡು ಹಾಸಿಗೆ, ಎರಡು ಟವೆಲು. ಕಿಟಕಿಯ ಕಡೆಯ ದಿಂಬಿನ ಮೇಲೆ ಅವರ ಕನ್ನಡಕ ಇಟ್ಟು, ಕೂತು ಪ್ರಾರ್ಥನೆ ಮಾಡಿದೆ. ಊರಿಗೆ ಊರೇ ಅವರನ್ನು ಅಳಿಸಿಹಾಕಿತ್ತು. ಈ ಹಡಗಿನಲ್ಲಿ ಮಾತ್ರ ಅವರು ಇನ್ನೂ ಪ್ರಯಾಣಿಕರು. ದಡ ಸೇರುವವರೆಗೆ ಅದು ಹಾಗೆಯೇ ಇರಲಿ. ನನಗೆ ಬೇಕಾದದ್ದು ಅಷ್ಟೇ.

ಅಷ್ಟರಲ್ಲಿ ಸೀಟಿ ಮೊಳಗಿತು. ಗಿಡ್ಡ ಗಿಡ್ಡ ಸೀಟಿಗಳು, ಕೊನೆಗೊಂದು ಉದ್ದನೆಯದು. ಎಲ್ಲರೂ ಲೈಫ್ ಜಾಕೆಟ್ ಹಿಡಿದು ಡೆಕ್ಕಿಗೆ ಬರಬೇಕು, ಪ್ರತಿಯೊಬ್ಬರ ಕಾರ್ಡನ್ನೂ ನೋಡುವವರೆಗೆ ಹಡಗು ಹೊರಡುವುದಿಲ್ಲ ಎಂದು ಧ್ವನಿವರ್ಧಕ ಕೂಗಿತು. ನಾನು ಜಾಕೆಟ್ ತೊಟ್ಟು, ಪಟ್ಟಿ ಬಿಗಿದು, ಇಬ್ಬರ ಕಾರ್ಡುಗಳನ್ನೂ ಹಿಡಿದು ಹೊರಟೆ. ಬಾಗಿಲಲ್ಲಿ ಆದದ್ದು ಇಲ್ಲೂ ಆಗುತ್ತದೆಂದು ನಂಬಿದ್ದೆ.

ಡೆಕ್ಕಿನ ಮೇಲೆ ಕಂಡದ್ದನ್ನು ತಾಲೀಮು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ತಲೆಯ ಮೇಲೆ ಜೀವರಕ್ಷಕ ದೋಣಿಗಳು ತೂಗುತ್ತಿದ್ದವು. ಅವುಗಳ ಕೆಳಗೆ ಒಂದು ದಂಡು ಜನ, ಪಾಪವೆಂಬುದನ್ನೇ ಅರಿಯದವರಂತೆ, ಹಲ್ಲು ಕಿರಿದುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬ ಗ್ಲಾಸು ಹಿಡಿದೇ ಬಂದಿದ್ದ. ಮುಳುಗುವಾಗಲೂ ಅದನ್ನು ನೀರಿಗೆ ತಾಗಿಸದೆ ಎತ್ತಿ ಹಿಡಿಯುವನೆಂದು ಕಾಣುತ್ತದೆ. ಇನ್ನೊಬ್ಬಳು ಜಾಕೆಟ್ಟನ್ನು ಮಡಿಸಿ ಅದರ ಮೇಲೆ ಕೂತಿದ್ದಳು. ನಮ್ಮ ಬೀಗಿತ್ತಿ ಜಾಕೆಟ್ಟನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿದಿದ್ದರು.

"ಇದನ್ನ ಹಾಕ್ಕೊಂಡ್ರೆ ಕುಂಬಳಕಾಯಿ ಥರ ಕಾಣ್ತೀನಿ, ಅಲ್ವೇನ್ರಿ?"

"ಕುಂಬಳಕಾಯಿ ತೇಲುತ್ತೆ, ಹಾಕ್ಕೊಳ್ಳಿ" ಎಂದೆ.

"ಕೂದಲು ಹಾಳಾಗುತ್ತೆ, ಬೆಳಿಗ್ಗೆ ತಾನೇ ಮಾಡಿಸಿದ್ದು. ನಿಮಗೇನು ಬಿಡಿ, ನಿಮ್ಮನ್ನ ಯಾರು ನೋಡ್ಬೇಕು."

ಈ ಹೆಂಗಸು ನನ್ನ ಯಜಮಾನರ ಶವದ ಪಕ್ಕದಲ್ಲಿ ಕೂತು, ಕಾಫಿಗೆ ಸಕ್ಕರೆ ಸಾಲದು ಎಂದವಳು.

ನಮ್ಮ ಗುಂಪಿಗೆ ಮುಖ್ಯಸ್ಥನಾಗಿದ್ದವನು ಬಿಳಿ ಸಮವಸ್ತ್ರದ, ಹೊಟ್ಟೆ ಬಂದ ನಡುವಯಸ್ಸಿನವನು. ಕೊರಳಲ್ಲಿ ಸೀಟಿ. ಅಳಿಯ ಆಗಲೇ ಅವನಿಗೆ ಪೀಪಿ ಎಂದು ಹೆಸರಿಟ್ಟಿದ್ದ. ಪೀಪಿ ಜಾಕೆಟ್ ತೊಡುವ ಬಗೆಯನ್ನು ತೋರಿಸಿದ. ಗಿಣಿಪಾಠ. ಕಣ್ಣು ಗಡಿಯಾರದ ಮೇಲೆ. ತನ್ನ ಜಾಕೆಟ್ಟಿನ ಪಟ್ಟಿಯನ್ನೇ ತಲೆಕೆಳಗಾಗಿ ಸಿಕ್ಕಿಸಿದ್ದನ್ನು ಅವನೂ ನೋಡಲಿಲ್ಲ, ಬೇರೆ ಯಾರೂ ನೋಡಲಿಲ್ಲ. ನನ್ನ ಯಜಮಾನರಾಗಿದ್ದರೆ ಅವನನ್ನು ಅಲ್ಲೇ ನಿಲ್ಲಿಸಿ ಮೊದಲಿನಿಂದ ಹೇಳಿಸುತ್ತಿದ್ದರು.

ಆಮೇಲೆ ಅವನು ಕೈಯಂತ್ರ ಹಿಡಿದು ಒಬ್ಬೊಬ್ಬರ ಬಳಿ ಬಂದ. ನಾನು ಎರಡು ಕಾರ್ಡು ನೀಡಿದೆ.

"ಒಬ್ಬರಿಗೆ ಒಂದೇ, ಅಮ್ಮ. ಯಜಮಾನ್ರು ಎಲ್ಲಿ?"

"ಅವರು ಬರೋದು ನಿಧಾನ" ಎಂದೆ. ನನ್ನ ಬಾಯಿಗೆ ಬಂದದ್ದು ಅದು.

"ಬಂದು ಅವರೇ ತೋರಿಸ್ಲಿ. ಕಾಯ್ತೀವಿ."

ಕಾದೆವು. ಬೇರೆ ಗುಂಪುಗಳೆಲ್ಲ ಮುಗಿಸಿ ಚದುರಿದವು. ನಮ್ಮ ಗುಂಪಿನಲ್ಲಿ ಗೊಣಗಾಟ ಎದ್ದಿತು. "ಯಾವನೋ ಒಬ್ಬ ಟಾಯ್ಲೆಟ್‌ನಲ್ಲಿ ಕೂತಿರ್ತಾನೆ, ಅವನಿಗೋಸ್ಕರ ನಾವು ಬಿಸಿಲಲ್ಲಿ ಬೇಯ್ಬೇಕು" ಎಂದ ಗ್ಲಾಸಿನವನು. "ಮುದುಕರನ್ನ ಹಡಗಿಗೆ ಹತ್ತಿಸ್ಲೇಬಾರ್ದು" ಎಂದಳು ಜಾಕೆಟ್ಟಿನ ಮೇಲೆ ಕೂತವಳು. ಜೀವ ಉಳಿಸಿಕೊಳ್ಳುವ ತಾಲೀಮಿಗೆ ಬಂದು, ಇನ್ನೊಂದು ಜೀವಕ್ಕೆ ಅರೆಗಳಿಗೆ ಕಾಯಲಾರದ ಜನ! ಇಂಥವರನ್ನು ಉಳಿಸಲು ಅಷ್ಟು ದೋಣಿಗಳೇಕೆ?

ಆಗ ಧ್ವನಿವರ್ಧಕದಲ್ಲಿ ನನ್ನ ಯಜಮಾನರ ಹೆಸರು ಕೇಳಿಸಿತು. ತಂದೆಯ ಹೆಸರೂ ಸೇರಿಸಿ, ಪೂರ್ತಿಯಾಗಿ, "ದಯವಿಟ್ಟು ಕೂಡಲೇ ಡೆಕ್ಕಿಗೆ ಬನ್ನಿ" ಎಂದು. ಅವರು ಹೋದ ಮೇಲೆ ಆ ಹೆಸರನ್ನು 'ದಿವಂಗತ' ಎಂಬ ಮಾತಿಲ್ಲದೆ ಯಾರೂ ಹೇಳಿರಲಿಲ್ಲ. ನಾನು ಕಂಬಿ ಹಿಡಿದುಕೊಂಡೆ. ಇನ್ನೊಂದು ಸಲ ಕೂಗಲಿ ಎನ್ನಿಸಿತು. ಇನ್ನೊಂದು ಸಲ ಕೂಗಿದರು. ಜೀವಮಾನವೆಲ್ಲ ಗೇಟಿನ ಬಳಿ ಅವರನ್ನು ಕಾಯಿಸಿದವಳು ನಾನು. ಈಗ ನಾನು ಹೊತ್ತಿಗೆ ಸರಿಯಾಗಿ ಬಂದು ನಿಂತಿದ್ದೆ, ಅವರು ಬಂದಿರಲಿಲ್ಲ.

ಮಗಳು ಜನರನ್ನು ಸರಿಸಿಕೊಂಡು ಬಂದಳು. ಮುಖ ಬಿಳಿಚಿತ್ತು.

"ಅಮ್ಮ, ಅಪ್ಪನ್ನ ಯಾಕೆ ಕರೀತಿದ್ದಾರೆ?"

ನಾನು ಕಾರ್ಡು ತೋರಿಸಿದೆ. ಅವಳು ಅದರ ಮೇಲಿನ ಫೋಟೋ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟಳು.

ಅಳಿಯ ಬುದ್ಧಿವಂತ. ಅವನಿಗೆ ವಿಷಯ ತಿಳಿಯಲು ಹೊತ್ತು ಹಿಡಿಯಲಿಲ್ಲ, ಉಪಾಯ ಹೊಳೆಯಲು ಅಷ್ಟೂ ಹಿಡಿಯಲಿಲ್ಲ.

"ಅತ್ತೆ, ಈಗ ನಿಜ ಹೇಳಿದ್ರೆ ದೊಡ್ಡ ರಾದ್ಧಾಂತ ಆಗುತ್ತೆ. ಪೊಲೀಸು ಅದು ಇದು ಅಂತ ನಮ್ಮೆಲ್ಲರನ್ನೂ ಇಳಿಸಿಬಿಡ್ತಾರೆ. ಕಾರ್ಡ್ ನಮ್ಮಪ್ಪನ ಕೈಗೆ ಕೊಡಿ. ಅಪ್ಪ ಆ ಕಡೆಯಿಂದ ಈಗ ತಾನೇ ಬಂದವರ ಥರ ಬರ್ಲಿ. ಪೀಪಿ ಮುಖ ಎಲ್ಲಿ ನೋಡ್ತಾನೆ? ಅವನಿಗೆ ಕುಯ್ ಅಂದ್ರೆ ಸಾಕು."

ಬೀಗರು ವಕೀಲರು. ಆಗಲೇ ಕೈ ಚಾಚಿದ್ದರು. "ಕೋರ್ಟ್‌ನಲ್ಲಿ ಎಷ್ಟು ಜನರ ಪರವಾಗಿ ಹಾಜರಾಗಿಲ್ಲ ನಾನು? ಬೀಗರಿಗೋಸ್ಕರ ಒಂದು ಸಲ ಆಗಲಾರೆನೇ? ಕೊಡಿ ಇವರೇ."

"ಕನ್ನಡಕ ಹಾಕ್ಕೊಂಡು ಹೋಗಿ ಮತ್ತೆ, ಅವರು ಹಾಕ್ತಿದ್ರು" ಎಂದು ಬೀಗಿತ್ತಿ ನಕ್ಕರು. "ಅಯ್ಯೋ, ನನಗೆ ಇಬ್ಬರು ಗಂಡಂದಿರಾದ ಹಾಗಾಯ್ತು!"

"ಅತ್ತೆ, ಸ್ವಲ್ಪ ಬಾಯ್ಮುಚ್ಕೊಂಡು ಇರಿ" ಎಂದಳು ನನ್ನ ಮಗಳು. ಮದುವೆಯಾದ ಮೇಲೆ ಅವಳು ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಬೀಗರ ಆ ಕೈಯನ್ನು ನೋಡಿದೆ. ಉಂಗುರ ತೊಟ್ಟ, ಬೆವತ ಕೈ. ಅದರಲ್ಲಿ ಕಾರ್ಡು ಇಟ್ಟರೆ ಸಾಕು, ನನಗೆ ಬೇಕಾದದ್ದು ಸಿಗುತ್ತಿತ್ತು. ಯಜಮಾನರು ದಡ ಸೇರುವವರೆಗೆ ಪ್ರಯಾಣಿಕರಾಗಿಯೇ ಉಳಿಯುತ್ತಿದ್ದರು. ಮನಸ್ಸು ಅತ್ತ ವಾಲಿತ್ತು. ದೇವರೇ, ಇದೊಂದು ಸಲ ಕಣ್ಣು ಮುಚ್ಚಿಕೋ ಎಂದು ಬೇಡಿದ್ದೂ ನಿಜ.

ಆಗ ಒಳಗಿನ ಮೆಟ್ಟಿಲಿನಿಂದ ಕ್ಯಾಬಿನ್ ನೋಡಿಕೊಳ್ಳುವವನು ಮೇಲೆ ಬಂದ. ನಮ್ಮ ಹಾಸಿಗೆ ಹಾಸಿದವನೇ ಅವನು. ಅಂಗಿ ಬೆನ್ನಿಗೆ ಅಂಟಿತ್ತು. ಏದುಸಿರು ಬಿಡುತ್ತ ಪೀಪಿಗೆ ಹೇಳಿದ:

"ಎಲ್ಲಾ ಕಡೆ ನೋಡ್ದೆ ಸಾರ್. ಬಚ್ಚಲು ನೋಡ್ದೆ, ಮಂಚದ ಕೆಳಗೂ ನೋಡ್ದೆ. ದಿಂಬಿನ ಮೇಲೆ ಕನ್ನಡಕ ಇದೆ. ಕನ್ನಡಕ ಬಿಟ್ಟು ಹೋಗಿದ್ದಾರೆ ಅಂದ್ರೆ ಕಣ್ಣು ಕಾಣದೆ ಎಲ್ಲೋ ದಾರಿ ತಪ್ಪಿರ್ಬೇಕು, ಪಾಪ. ಎಂಜಿನ್ ಕಡೆ ಇಳಿದು ನೋಡ್ಕೊಂಡು ಬರ್ತೀನಿ."

"ಹೋಗು, ಬೇಗ" ಎಂದ ಪೀಪಿ, ಗಡಿಯಾರ ನೋಡುತ್ತ.

ಅವನು ತಿರುಗಿ ಮೆಟ್ಟಿಲಿಗೆ ಕಾಲಿಟ್ಟ. ನನಗೆ ಆ ಬೆವತ ಬೆನ್ನು ಮಾತ್ರ ಕಂಡಿತು. ಕಾರ್ಖಾನೆಯ ಮೇಸ್ತ್ರಿಯನ್ನು ನಾನು ಎಂದೂ ನೋಡಿದವಳಲ್ಲ. ಆದರೆ ಅವನ ಹೆಂಡತಿಗೆ ಸುದ್ದಿ ಹೇಳಿ ಬಂದ ಸಂಜೆ, ಊಟ ಮುಟ್ಟದೆ ಗೋಡೆ ನೋಡುತ್ತ ಕೂತ ನನ್ನ ಯಜಮಾನರ ಮುಖ ನೋಡಿದ್ದೆ. ಇಲ್ಲದವನು ಇದ್ದಾನೆಂದು ಹೇಳಿದವರ ವಿಷಯದಲ್ಲಿ ಅವರು ಆಡಿದ ಮಾತನ್ನೂ ಕೇಳಿದ್ದೆ. ಅದು ಬರೆಯುವಂಥದ್ದಲ್ಲ. ಕೆಟ್ಟ ಮಾತು ಆಡದ ಮನುಷ್ಯ ಅಂದು ಆಡಿದ್ದರು.

"ನಿಲ್ಲಪ್ಪಾ" ಎಂದು ಕೂಗಿದೆ. "ಹುಡುಕಬೇಡ. ಅವರು ಬರೋದಿಲ್ಲ."

ಎಲ್ಲರೂ ತಿರುಗಿದರು.

"ಬರೋದಿಲ್ಲ ಅಂದ್ರೆ?" ಎಂದ ಪೀಪಿ.

"ತೀರಿಕೊಂಡಿದ್ದಾರೆ. ಮಳೆಗಾಲ ಶುರುವಾಗೋ ಮುಂಚೆ, ಮನೇಲಿ. ಈ ಕಾರ್ಡು ಮುಟ್ಟಿಸಿದ್ದು ನಾನು. ಹಡಗಿನಲ್ಲಿ ಅವರು ಇಲ್ಲ."

ನನ್ನ ಬಾಯಿಂದ ಆ ಮಾತು ಹೊರಬಂದದ್ದು ಅದೇ ಮೊದಲು. ಅಲ್ಲಿಯವರೆಗೆ ಊರಿನವರೇ ನನಗೆ ಅದನ್ನು ಹೇಳುತ್ತಿದ್ದರು. ನಾನು ತಲೆ ಆಡಿಸುತ್ತಿದ್ದೆ, ಅಷ್ಟೇ.

ಗ್ಲಾಸಿನವನು ಗ್ಲಾಸು ಇಳಿಸಿದ. ಕೂತವಳು ಎದ್ದು ನಿಂತಳು. ಎಲ್ಲರ ಮುಖದ ಮೇಲೂ ಕನಿಕರ ಬಂತು. ಬಿಸಿಲಿನ ಗೊಣಗಾಟ ಇದ್ದ ಜಾಗದಲ್ಲೇ, ಅಷ್ಟೇ ಸಲೀಸಾಗಿ ಬಂತು. ಆ ಗೊಣಗಾಟವೇ ಎಷ್ಟೋ ಮೇಲಾಗಿತ್ತು. ಪೀಪಿ ನನ್ನನ್ನೂ ಕಾರ್ಡನ್ನೂ ನೋಡಿ, "ಮತ್ತೆ ಹತ್ತಿದ್ದು ಯಾರು?" ಎಂದು ಕೇಳಿದ. ಯಾವ ಪ್ರಶ್ನೆಗೂ ಅದನ್ನು ಕೇಳುವ ಒಬ್ಬ ಮೂರ್ಖ ಇದ್ದೇ ಇರುತ್ತಾನೆ.

"ಯಾರೂ ಹತ್ತಿಲ್ಲ. ನಿಮ್ಮವರು ಯಾರ ಮುಖವನ್ನೂ ನೋಡೋದಿಲ್ಲ. ಅದನ್ನ ಬರೆದುಕೊಳ್ಳಿ. ಪಟ್ಟಿ ತಲೆಕೆಳಗಾಗಿ ಸಿಕ್ಕಿಸಿದ್ದೀರಿ, ಅದನ್ನೂ ನೋಡ್ಕೊಳ್ಳಿ."

ಅವನು ಬಗ್ಗಿ ತನ್ನ ಎದೆ ನೋಡಿಕೊಂಡ. ಕಿವಿ ಕೆಂಪಾಯಿತು. ಪಟ್ಟಿಯನ್ನು ಸರಿಮಾಡಿಕೊಂಡು, ಕಾರ್ಡಿಗಾಗಿ ಕೈ ನೀಡಿದ. ಅಳಿಯ ಹೆದರಿದ್ದಂತೆ ಪೊಲೀಸರೇನೂ ಬರಲಿಲ್ಲ. ಮೇಲಧಿಕಾರಿಯೊಬ್ಬ ಬಂದು, ಮಗಳನ್ನು ಪಕ್ಕಕ್ಕೆ ಕರೆದು ಏನೋ ಕೇಳಿ, ನನ್ನ ಕಡೆ ನೋಡದೆ ಹೋದ. ಕಾರ್ಡನ್ನು ಕೊಡುವ ಮೊದಲು ಫೋಟೋವನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿದೆ. ಪೀಪಿ ಯಂತ್ರದಲ್ಲಿ ಏನನ್ನೋ ಒತ್ತಿದ. ಈ ಸಲ ಅದು ಕುಯ್ಯೆನ್ನಲಿಲ್ಲ.

ಅವನು ರೇಡಿಯೋವನ್ನು ಬಾಯಿಗೆ ಹಿಡಿದು ಹೇಳಿದ: "ಎಲ್ಲರೂ ಬಂದಾಯ್ತು."

ಎಲ್ಲರೂ ಅಂತೆ!

ಜನ ಜಾಕೆಟ್ ಕಳಚಿ, ಮುದ್ದೆ ಮಾಡಿ, ತಿಂಡಿಯ ಕಡೆ ಓಡಿದರು. ಬೀಗಿತ್ತಿ ಕೂದಲು ಮುಟ್ಟಿ ನೋಡಿಕೊಂಡರು, ಏನೂ ಆಗಿರಲಿಲ್ಲ. ಹಡಗು ಅಲುಗಿತು, ದಡ ಹಿಂದಕ್ಕೆ ಸರಿಯಿತು. ಕ್ಯಾಬಿನ್ನಿನವನು ಮಾತ್ರ ಮೆಟ್ಟಿಲ ಬಳಿಯೇ ನಿಂತಿದ್ದ.

"ಕನ್ನಡಕ ಅಲ್ಲೇ ಇದೆ ಅಮ್ಮ. ನಾನು ಮುಟ್ಟಿಲ್ಲ. ಆ ಹಾಸಿಗೆ ಮಾತ್ರ ಮಡಿಸೋಕೆ ಹೇಳ್ತಾರೆ."

"ಮಡಿಸಪ್ಪ. ಕನ್ನಡಕ ನಾನೇ ತೆಗೀತೀನಿ."

"ಜಾಕೆಟ್ ತೆಗೀಬಹುದು ಅಮ್ಮ, ಮುಗೀತು."

"ಗೊತ್ತು" ಎಂದೆ.

ಮಗಳು ಬಂದು ಪಕ್ಕದಲ್ಲಿ ನಿಂತಳು. ತನ್ನ ಜಾಕೆಟ್ಟನ್ನು ಅವಳು ಮತ್ತೆ ತೊಟ್ಟಿದ್ದಳು, ಪಟ್ಟಿಯನ್ನು ಸರಿಯಾಗಿ ಬಿಗಿದಿದ್ದಳು. ಚಿಕ್ಕಂದಿನಲ್ಲಿ ಗೇಟಿನ ಬಳಿ ನಿಲ್ಲುತ್ತಿದ್ದ ಹಾಗೆ ಕಾಲು ಜೋಡಿಸಿ ನಿಂತಳು. ಅಳಿಯ ದೂರದಿಂದ, "ಏನು ಮಾಡ್ತಿದ್ದೀರಿ ಅಲ್ಲಿ, ತಿಂಡಿ ಖಾಲಿಯಾಗುತ್ತೆ!" ಎಂದು ಕೂಗಿದ.

"ಅವರಿಗೆ ಸ್ವಲ್ಪ ಕಾಯೋಕೆ ಹೇಳು" ಎಂದೆ ಮಗಳಿಗೆ.