ಬಾಗಿಲ ಮೇಲಿನ ಡಾಂಬರು

ಸಿರಸಂಗಿಯ ಅಂದಾನೆಪ್ಪನಿಗೂ ಅವನ ತಮ್ಮ ನಿಂಗರಾಜನಿಗೂ ಆಸ್ತಿಯ ವಾಟ್ನಿಯಾಗಿ ಎರಡು ವರ್ಷವಾಗಿತ್ತು. ಹೊಲ ಹಂಚಿಕೊಂಡರು, ಮನೆಯ ನಡುವೆ ಗೋಡೆ ಎಬ್ಬಿಸಿದರು, ಅಟ್ಟದ ಮೇಲಿದ್ದ ಹಿತ್ತಾಳೆ ಹಂಡೆಗಳನ್ನೂ ಇಳಿಸಿ ಆಚೆಗಿಷ್ಟು ಈಚೆಗಿಷ್ಟು ಇಟ್ಟುಕೊಂಡರು. ಹಂಚಲಾಗದೆ ಉಳಿದದ್ದು ಒಂದೇ: ಅಪ್ಪ ತೀರಿಕೊಳ್ಳುವುದಕ್ಕೆ ಕೆಲವು ವರ್ಷ ಮೊದಲು ಕೊಂಡಿದ್ದ ಕಡುನೀಲಿ ಬಣ್ಣದ ಸಣ್ಣ ಕಾರು. ಮಾರಲು ಇಬ್ಬರಿಗೂ ಮನಸ್ಸಿರಲಿಲ್ಲ. ಒಬ್ಬನಿಗೆ ಬಿಟ್ಟುಕೊಡಲು ಇನ್ನೊಬ್ಬ ತಯಾರಿರಲಿಲ್ಲ. ಕೊನೆಗೆ ಊರ ಹಿರಿಯರು, ಒಂದು ವಾರ ಅಣ್ಣ ಇಟ್ಟುಕೊಳ್ಳಲಿ, ಒಂದು ವಾರ ತಮ್ಮ ಇಟ್ಟುಕೊಳ್ಳಲಿ, ರವಿವಾರ ಮುಂಜಾನೆ ಕೀಲಿ ಕೈಬದಲಾಗಲಿ ಎಂದು ಹೇಳಿ ಎದ್ದರು.

ಏಳುವ ಮೊದಲು ಅಂದಾನೆಪ್ಪ ಒಂದು ಮಾತು ಆಡಿದ್ದ. "ಇವನ ಕೈಯಾಗ ಯಾವ ವಸ್ತುನೂ ನೆಟ್ಟಗ ಉಳಿಯೂದಿಲ್ಲ. ನೀವೆಲ್ಲಾ ಸಾಕ್ಷಿ ಇರ್ರಿ." ನಿಂಗರಾಜ ತಲೆ ತಗ್ಗಿಸಿ ಕೂತಿದ್ದವನು ಹಾಗೆಯೇ ಎದ್ದು ಹೋದ. ಅಂದಿನಿಂದ ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ. ಕೀಲಿಯನ್ನು ಕೊಡುವುದು, ತೆಗೆದುಕೊಳ್ಳುವುದು ಹೆಂಗಸರ ಕೈಯಿಂದಲೇ ಆಗುತ್ತಿತ್ತು.

ಅಂದಾನೆಪ್ಪ ಯರಗಟ್ಟಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಅಂಗಿಯ ಇಸ್ತ್ರಿ ಮುರಿಯಬಾರದು, ಚಪ್ಪಲಿ ಜೋಡಿ ತಪ್ಪಬಾರದು ಎನ್ನುವ ಸ್ವಭಾವ. ನಿಂಗರಾಜ ಒಕ್ಕಲುತನದವನು. ಅವನ ವಾರ ಮುಗಿದು ಬಂದ ಕಾರಿನಲ್ಲಿ ಹೆಸರುಕಾಳು, ಉಳ್ಳಾಗಡ್ಡಿ ಸಿಪ್ಪೆ, ಗೊಬ್ಬರದ ವಾಸನೆ ಇರುತ್ತಿದ್ದವು. ಗಾಲಿಗಳಿಗೆ ಹೊಲದ ಎರೆಮಣ್ಣು ಮೆತ್ತಿ ಒಣಗಿರುತ್ತಿತ್ತು. ಮೊದಮೊದಲು ಅಂದಾನೆಪ್ಪ ಬೈದುಕೊಳ್ಳುತ್ತ ತೊಳೆದ. ಆಮೇಲೆ ಅದರಲ್ಲೇ ಅವನಿಗೊಂದು ಹಟ ಹುಟ್ಟಿತು. ತಾನು ಕಾರನ್ನು ಕನ್ನಡಿಯಂತೆ ಹೊಳೆಯಿಸಿ ಆಚೆ ಮನೆಗೆ ಕಳಿಸಬೇಕು, ಅದನ್ನು ನೋಡಿ ತಮ್ಮ ನಾಚಬೇಕು.

ಯರಗಟ್ಟಿಯಲ್ಲಿ ಗಾಡಿ ಸಾಮಾನಿನ ಅಂಗಡಿ ಇಟ್ಟಿದ್ದ ಲಕ್ಕಪ್ಪ ಅವನಿಗೆ ಗುರುವಾದ. ಸರ್ವೀಸಿಂಗಿನವರಿಗೆ ಕೊಡುವ ರೊಕ್ಕದ ಕಾಲು ಭಾಗದಲ್ಲಿ ಮನೆಯಲ್ಲೇ ಎಲ್ಲ ಆಗುತ್ತದೆ ಎಂದು ತಿಳಿಸಿಕೊಟ್ಟವನು ಅವನೇ. ಬಟ್ಟೆಯ ಸೋಪಿನ ಪುಡಿ ಬಣ್ಣವನ್ನು ತಿನ್ನುತ್ತದೆ, ಗಾಡಿಯ ಶಾಂಪೂ ಒಂದು ಮುಚ್ಚಳ ಸಾಕು. ಬಕೆಟ್ ಎರಡು ಬೇಕು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಹಿಂಡಲು ಬರೀ ನೀರು, ಇಲ್ಲದಿದ್ದರೆ ಅದೇ ಮಣ್ಣನ್ನು ಮತ್ತೆ ಬಣ್ಣಕ್ಕೆ ಉಜ್ಜಿದಂತೆ. ಒರೆಸಲು ಹಳೆಯ ಧೋತರದ ತುಂಡಲ್ಲ, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ. ಉಳಿದ ವಿದ್ಯೆಯನ್ನು ಅಂದಾನೆಪ್ಪ ಮೊಬೈಲಿನಲ್ಲಿ ನೋಡಿ ಕಲಿತ. ಸೀಟಿನ ವಾಸನೆಗೆ ಅಡುಗೆ ಸೋಡಾ ಉದುರಿಸಿ ಒಂದು ತಾಸು ಬಿಟ್ಟು ಝಾಡಿಸುವುದು, ಗಾಜಿಗೆ ವಿನೆಗರ್ ಬೆರೆಸಿದ ನೀರು, ಎ.ಸಿ.ಯ ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್, ಹಳದಿಗಟ್ಟಿದ ಮುಂದಿನ ದೀಪಗಳಿಗೆ ಹಲ್ಲುಜ್ಜುವ ಪೇಸ್ಟ್. ಅವನ ಹೆಂಡತಿ ಸಿದ್ದಲಿಂಗವ್ವ ಭಜಿಗೆ ಹಿಟ್ಟು ಕಲಸಿ ಸೋಡಾ ಡಬ್ಬಿ ತೆಗೆದರೆ ಅದು ಯಾವಾಗಲೂ ಖಾಲಿ.

"ನೀವು ಕಾರ ತೊಳಿಯೂದಲ್ರಿ ಇದು. ತಮ್ಮಗ ಚೀಟಿ ಬರದ ಕಳಸಾಕ ಹತ್ತೀರಿ," ಎಂದು ಒಮ್ಮೆ ಅಂದಳು. ಅಂದಾನೆಪ್ಪ ಕೇಳದವನಂತೆ ಟೈರಿಗೆ ಪಾಲಿಶ್ ಹಚ್ಚುತ್ತಲೇ ಇದ್ದ.

ಶ್ರಾವಣ ಮುಗಿದ ಮೇಲೆ ಸವದತ್ತಿ ಕಡೆಯ ರಸ್ತೆಗೆ ಹೊಸ ಡಾಂಬರು ಹಾಕಲು ಶುರುವಾಯಿತು. ಆ ವಾರ ನಿಂಗರಾಜನದು. ರವಿವಾರ ಅವನ ಹೆಂಡತಿ ಗಂಗಾ ಎಂದಿನಂತೆ ಕೀಲಿಯನ್ನು ಗೋಡೆಯ ಮೇಲಿಂದ ಸಿದ್ದಲಿಂಗವ್ವನ ಕೈಗೆ ಕೊಟ್ಟು ಹೋದಳು. ಅಂದಾನೆಪ್ಪ ಕಾರಿನ ಸುತ್ತ ಒಂದು ಸುತ್ತು ಹಾಕಿದ. ಎಡಗಡೆಯ ಮುಂದಿನ ಬಾಗಿಲಿನ ತುಂಬ ಸಾಸಿವೆ ಸಿಡಿದ ಹಾಗೆ ಡಾಂಬರಿನ ಕರಿಯ ಚುಕ್ಕೆಗಳು.

ಶಾಂಪೂ ಹಚ್ಚಿದ, ಹೋಗಲಿಲ್ಲ. ಸೋಡಾ ಹಚ್ಚಿದ, ಹೋಗಲಿಲ್ಲ. ಉಗುರಿನಿಂದ ಕೆರೆದರೆ ಚುಕ್ಕೆ ಹರಡಿ ಮತ್ತಷ್ಟು ಹೊಲಸಾಯಿತು. ಬಿಸಿಲೇರಿತು, ಬೆನ್ನು ನೋಯತೊಡಗಿತು, ಆಚೆ ಮನೆಯಿಂದ ನಿಂಗರಾಜ ಯಾರೊಂದಿಗೋ ನಗುತ್ತ ಮಾತಾಡುವುದು ಕೇಳಿಸಿತು. ಆ ನಗೆ ತನ್ನ ಮೇಲೇ ಎಂದು ಅಂದಾನೆಪ್ಪನಿಗೆ ಯಾಕೆ ಅನ್ನಿಸಿತೋ. ಎದ್ದು ಬಚ್ಚಲ ಕಟ್ಟೆಯ ಮೇಲೆ ಬೋಗುಣಿ ತಿಕ್ಕಲು ಇಟ್ಟಿದ್ದ ಸ್ಟೀಲಿನ ತಂತಿಯ ಜುಂಗನ್ನು ತಂದು ಚುಕ್ಕೆಗಳ ಮೇಲೆ ಗಸಗಸ ತಿಕ್ಕಿದ. ಡಾಂಬರು ಎದ್ದು ಬಂತು. ಅವನಿಗೆ ಸಮಾಧಾನವಾಯಿತು. ಇನ್ನೂ ಜೋರಾಗಿ ತಿಕ್ಕಿದ.

ನೀರು ಆರಿದಾಗ ಬಾಗಿಲ ಮೇಲೆ ಎರಡು ಅಂಗೈ ಅಗಲ ಬಣ್ಣವೇ ಮಂಕಾಗಿತ್ತು. ಬಗ್ಗಿ ನೋಡಿದರೆ ನೂರಾರು ಕೂದಲೆಳೆ ಗೀರುಗಳು.

ಅಂದಾನೆಪ್ಪ ಒದ್ದೆ ಕಟ್ಟೆಯ ಮೇಲೆ ಕುಳಿತುಬಿಟ್ಟ. ಸಿದ್ದಲಿಂಗವ್ವ ಬಂದು ಬಾಗಿಲು ನೋಡಿದಳು, ಅವನ ಕೈಯಲ್ಲಿದ್ದ ಜುಂಗು ನೋಡಿದಳು.

"ಹೋಗಿ ಹೇಳಿಬಿಡ್ರಿ," ಅಂದಳು. "ಆಗಬಾರದ್ದು ಆಗೇತಿ. ತಮ್ಮ ಅಲ್ಲೇನ್ರಿ ಅಂವ."

"ಹೇಳತೇನಿ. ಇನ್ನೂ ವಾರ ಐತಿ."

ವಾರವೆಲ್ಲ ಅವನು ಹೇಳಲಿಲ್ಲ. ಬುಧವಾರ ಒಂದು ಸಂಗತಿ ಅವನಿಗೆ ಹೊಳೆಯಿತು. ಗಾಡಿಯ ಒಳಗಿನ ಡ್ಯಾಶ್‌ಬೋರ್ಡಿಗೆ ಹಚ್ಚುವ ಎಣ್ಣೆಯಂಥ ಪಾಲಿಶ್ ಇತ್ತಲ್ಲ, ಅದನ್ನು ಗೀರುಗಳ ಮೇಲೆ ಸವರಿದ. ಮಂಕು ಮಾಯವಾಗಿ ಬಾಗಿಲು ಮೊದಲಿನ ಹಾಗೆ ಮಿಂಚಿತು. ನೀರು ತಾಗುವ ತನಕ ಈ ಮಿಂಚು ಇರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ರವಿವಾರ ಮುಂಜಾನೆ ಮತ್ತೊಮ್ಮೆ ಸವರಿ, ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟ. ಆ ದಿನ ಸಿದ್ದಲಿಂಗವ್ವ ಗಂಡನಿಗೆ ರೊಟ್ಟಿ ಬಡಿಸಿ ತಾನು ಬೇರೆ ಕೂತು ಉಂಡಳು.

ಸೋಮವಾರ ಮಳೆ ಬಂತು. ಮಂಗಳವಾರ ಆಚೆ ಮನೆಯ ಅಂಗಳದಲ್ಲಿ ಕಾರಿನ ಮೇಲೆ ತಾಡಪತ್ರಿ ಬಿದ್ದದ್ದನ್ನು ಅಂದಾನೆಪ್ಪ ಮಾಳಿಗೆಯ ಮೇಲಿಂದ ಕಂಡ. ತಮ್ಮ ಎಂದೂ ಕಾರು ಮುಚ್ಚಿದವನಲ್ಲ. ಈಗ ಬರುತ್ತಾನೆ, ಈಗ ಜಗಳ ತೆಗೆಯುತ್ತಾನೆ ಎಂದು ಅಂದಾನೆಪ್ಪ ಕಾದ. ಎದುರು ಆಡಬೇಕಾದ ಮಾತುಗಳನ್ನೂ ಜೋಡಿಸಿಟ್ಟುಕೊಂಡ. ಬುಧವಾರವೂ ಯಾರೂ ಬರಲಿಲ್ಲ.

ಗುರುವಾರ ಮುಂಜಾನೆ ಅವನು ಹಿಂದಿನ ಕೋಣೆಯಲ್ಲಿ ಒರೆಸುವ ಬಟ್ಟೆಗಳನ್ನು ಮಡಚಿಡುತ್ತಿದ್ದ. ಹಿತ್ತಿಲ ಗೋಡೆಯ ಹತ್ತಿರ ಗಂಗಾ ಸಿದ್ದಲಿಂಗವ್ವನೊಂದಿಗೆ ಮಾತಾಡುವುದು ಕಿಟಕಿಯಿಂದ ಕೇಳಿಸಿತು.

"ಅಕ್ಕಾರ, ಒಂದ ಮಾತ ಐತ್ರಿ. ಭಾವಾರ ಮುಂದ ಹೆಂಗ ಹೇಳ್ಬೇಕೋ ತಿಳೀವಲ್ದು. ಕಾರಿನ ಬಾಗಲಕ್ಕ ಗೀರ ಬಿದ್ದಾವ್ರಿ. ಹೊಲದ ದಾರ್ಯಾಗ ಜಾಲಿ ಕಂಟಿ ತರಚಿರಬೇಕಂತಾರ ಇವರು. ಯಾವಾಗ ತರಚಿತೋ ಇವರಿಗೂ ಗೊತ್ತಿಲ್ಲ."

ಸಿದ್ದಲಿಂಗವ್ವ ಏನು ಅಂದಳೋ ಕೇಳಿಸಲಿಲ್ಲ.

"ಮೂರ ದಿನಾ ಆತ್ರಿ, ನೆಟ್ಟಗ ಊಟಿಲ್ಲ. ನಿನ್ನಿ ಬೈಲಹೊಂಗಲಕ್ಕ ಹೋಗಿ ಪೇಂಟ್ ಮಾಡಾವ್ರಿಗೆ ತೋರಿಸಿ ಬಂದ್ರು. ಇಡೀ ಬಾಗಲ ಹೊಡೀಬೇಕಂದ್ರಂತ. ಅಣ್ಣ ಅವತ್ತು ಹಿರ್‍ಯಾರ ಮುಂದ ಆಡಿದ್ದು ಖರೇ ಆತಲ್ಲ ಅಂತ ಅದನ್ನ ಹಿಡಕೊಂಡ ಕುಂತಾರ. ಶನಿವಾರಕ್ಕೊಮ್ಮೆ ಇವರೂ ಕಾರ ತೊಳಿತಾರ್ರಿ ಅಕ್ಕಾರ. ಎಷ್ಟ ತೊಳದ್ರೂ ಭಾವಾರು ತೊಳದಂಗ ಆಗೂದಿಲ್ಲ. ಕಡೀಕ ಬಿಟ್ಟ ಬಿಡತಾರ, ಹೊಲದ ಮಣ್ಣ ಎಲ್ಲಿ ಹೋಗತೈತಿ ಅಂತ."

ಅಂದಾನೆಪ್ಪನ ಕೈಯಲ್ಲಿದ್ದ ಬಟ್ಟೆ ಅರ್ಧ ಮಡಚಿದಂತೆಯೇ ಉಳಿಯಿತು. ತಮ್ಮ ಕಾರು ತೊಳೆಯುತ್ತಾನೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಜಗಳಕ್ಕೆ ಅವನು ತಯಾರಾಗಿದ್ದ. ನಲವತ್ತೇಳು ವರ್ಷದ ತಮ್ಮ ಮನೆಯೊಳಗೆ ಹೆದರಿ ಕೂತಿದ್ದಾನೆ ಎಂಬುದಕ್ಕೆ ತಯಾರಾಗಿರಲಿಲ್ಲ. ಅಪ್ಪನ ಗಡಿಯಾರ ಒಡೆದ ದಿನ ಸಣ್ಣ ನಿಂಗ್ಯಾ ಕಣಜದ ಹಿಂದೆ ಅಡಗಿ ಕೂತದ್ದು, ತಾನೇ ಹೋಗಿ ಕೈಹಿಡಿದು ಕರೆತಂದದ್ದು ಅವನ ಕಣ್ಣ ಮುಂದೆ ಬಂತು. ಅವನು ಚಪ್ಪಲಿ ಮೆಟ್ಟಿ ಬೀದಿಗಿಳಿದ. ಗೋಡೆಗೆ ಬಾಗಿಲಿರಲಿಲ್ಲವಾದ್ದರಿಂದ ಸುತ್ತು ಹಾಕಿಯೇ ಹೋಗಬೇಕು. ಎರಡು ವರ್ಷಗಳಲ್ಲಿ ಆ ಮೂವತ್ತು ಹೆಜ್ಜೆಗಳನ್ನು ಅವನು ನಡೆದದ್ದು ಅದೇ ಮೊದಲು.

ನಿಂಗರಾಜ ಅಂಗಳದಲ್ಲಿ ತಾಡಪತ್ರಿ ಸರಿಸಿ ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಅಣ್ಣನನ್ನು ಕಂಡು ಗಡಬಡಿಸಿ ಎದ್ದ.

"ಅಣ್ಣಾ, ನಾನ ಬರಾವಿದ್ದೆ. ಬಾಗಲಕ್ಕ ಜಾಲಿ ಮುಳ್ಳ..."

"ಮುಳ್ಳಲ್ಲ ನಿಂಗ್ಯಾ. ಅದು ನಾ ಮಾಡಿದ್ದು."

ನಿಂಗರಾಜ ಬಾಗಿಲನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿದ.

"ಡಾಂಬರ ಹೋಗಲಿಲ್ಲಂತ ಬೋಗಣಿ ತಿಕ್ಕೂ ಜುಂಗ ಹಚ್ಚಿ ತಿಕ್ಕಿದೆ. ಗೀರ ಬಿದ್ವು. ಮ್ಯಾಲ ಪಾಲಿಶ್ ಸವರಿ ಮುಚ್ಚಿ ನಿನಗ ಕಳಿಸಿದೆ. ಮಳಿಗೆ ತೊಳದ ಹೋಗೇತಿ ಅದು."

ನಿಂಗರಾಜನ ಮುಖ ಕೆಂಪಾಯಿತು.

"ಮೂರ ದಿನಾ," ಅಂದ, ದನಿ ಏರಿಸದೆ. "ಮೂರ ದಿನಾ ಎಲ್ಲಿ ತರಚಿದೆ, ಹೆಂಗ ತರಚಿದೆ ಅಂತ ಹೊಲದ ದಾರಿ ತುಂಬ ಕಂಟಿ ನೋಡಕೋತ ಅಡ್ಡಾಡೀನಿ. ಕಂಡ ಕಂಟೀನೆಲ್ಲಾ ಕಡದ ಹಾಕೀನಿ."

"ತಪ್ಪಾತು."

"ಕಾರಿಂದು ಹೋಗ್ಲಿ ಬಿಡು. ಅವತ್ತು ಆಡಿದಿ ನೋಡು, ಊರ ಮಂದಿ ಮುಂದ."

"ಅದೂ ತಪ್ಪ," ಅಂದ ಅಂದಾನೆಪ್ಪ. ಹೇಳಬೇಕೆಂದು ಬಂದದ್ದು ಬಾಗಿಲಿನದು ಮಾತ್ರ. ಆದರೆ ಈ ಮಾತು ಬಾಯಿಂದ ಹೊರಬಿದ್ದಾಗ, ಇದಕ್ಕೇ ಬಂದಿದ್ದೆನೇನೋ ಎಂದು ಅವನಿಗೆ ಅನ್ನಿಸಿತು. "ಅಪ್ಪ ಹೋದ ಸಿಟ್ಟ ಯಾರ ಮ್ಯಾಲರೆ ತೀರಿಸಕೋಬೇಕಾಗಿತ್ತು. ನೀ ಎದರಿಗೆ ಕುಂತಿದ್ದಿ."

ನಿಂಗರಾಜ ಒಳಗೆ ಹೋದ. ಅಂದಾನೆಪ್ಪ ನಿಂತೇ ಇದ್ದ. ಹೋಗಬೇಕೋ ಇರಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಮ್ಮ ಹೊರಗೆ ಬಂದಾಗ ಅವನ ಕೈಯಲ್ಲಿ ಒಂದು ಟ್ಯೂಬ್ ಇತ್ತು.

"ನಿನ್ನಿ ಬರುವಾಗ ಲಕ್ಕಪ್ಪನ ಅಂಗಡ್ಯಾಗ ತಗೊಂಡೆ. ಗೀರಿಗೆ ಹಚ್ಚಿ ತಿಕ್ಕೂದಂತ. ಹೆಂಗ ತಿಕ್ಕೂದೋ ಗೊತ್ತಿಲ್ಲ. ಹೆದರಿ ಮುಟ್ಟಿಲ್ಲ."

ಅದು ಗೀರುಗಳನ್ನು ತೆಳುವಾಗಿಸುವ ರಬ್ಬಿಂಗ್ ಕಾಂಪೌಂಡ್. ಅಂದಾನೆಪ್ಪ ಅದನ್ನು ತಿರುಗಿಸಿ ಹಿಂದಿನ ಬರಹ ಓದಿದ. ಮನೆಗೆ ಹೋಗಿ ಬಕೆಟ್ ಮತ್ತು ಬಟ್ಟೆ ತಂದ. ಕಾರನ್ನು ಬೇವಿನ ನೆರಳಿಗೆ ತಳ್ಳಿದರು. ಬಾಗಿಲನ್ನು ತೊಳೆದು, ಒರೆಸಿ, ಪೂರ್ತಿ ಆರಲು ಬಿಟ್ಟು, ಕಡಲೆಕಾಳಿನಷ್ಟು ಔಷಧವನ್ನು ಬಟ್ಟೆಗೆ ಹಚ್ಚಿ ಅಂದಾನೆಪ್ಪ ತೋರಿಸಿಕೊಟ್ಟ. "ಕೈ ಹಗೂರ ಇರ್ಲಿ. ಸುತ್ತ ಸುತ್ತ. ಅವಸರ ಮಾಡಬ್ಯಾಡ. ನಾ ಅವಸರ ಮಾಡಿದ್ದಕ್ಕ ಹಿಂಗಾತು."

ನಿಂಗರಾಜನ ಅಂಗೈ ಒರಟು. ಆದರೆ ಅವನ ತಾಳ್ಮೆ ದೊಡ್ಡದಿತ್ತು. ಸಸಿ ನೆಡುವ ಕೈ ಅದು. ಅಂದಾನೆಪ್ಪ ಎರಡು ಸಲ ಬೆನ್ನು ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಅವನು ಒಂದು ಗೇಣು ಬಾಗಿಲಿನ ಮಂಕನ್ನು ತೆಗೆದಿದ್ದ. ನೀಲಿ ಒಳಗಿನಿಂದ ಮೇಲೆದ್ದು ಬರತೊಡಗಿತು.

"ನಿನ್ನ ಕೈ ನನಗಿಂತ ಛಲೋ ಐತಲ್ಲೋ," ಅಂದ ಅಂದಾನೆಪ್ಪ. ನಿಂಗರಾಜನ ತಿಕ್ಕುವ ಕೈ ಒಂದು ಗಳಿಗೆ ನಿಂತು ಮತ್ತೆ ಸಾಗಿತು.

ಬಾಗಿಲ ಕೆಳಗಿನ ಅಂಚಿನಲ್ಲಿ ಅಂದಾನೆಪ್ಪನ ಕಣ್ಣಿಗೆ ಬೀಳದೆ ಉಳಿದಿದ್ದ ಏಳೆಂಟು ಡಾಂಬರಿನ ಚುಕ್ಕೆಗಳು ಇನ್ನೂ ಇದ್ದವು. ಚಹಾ ತಂದ ಗಂಗಾ ಅವನ್ನು ನೋಡಿ ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ ತಂದಳು. ಅರಳೆಗೆ ಅದ್ದಿ ಚುಕ್ಕೆಗಳ ಮೇಲೆ ಒತ್ತಿಟ್ಟಳು.

"ಕೆಲಸಕ್ಕ ಬಂದ ಆಳುಗಳ ಕಾಲಿಗೆ ಡಾಂಬರ ಅಂಟಿದ್ರ ನಮ್ಮವ್ವ ಹಿಂಗ ತಗಿತಿದ್ಳು ನೋಡ್ರಿ."

ಚಹಾ ಮುಗಿಯುವಷ್ಟರಲ್ಲಿ ಅವಳು ಅರಳೆಯಿಂದ ಒರೆಸಿದಳು. ಚುಕ್ಕೆಗಳು ಕರಗಿ ಬಂದವು. ಕೆಳಗಿನ ಬಣ್ಣಕ್ಕೆ ಏನೂ ಆಗಿರಲಿಲ್ಲ. ಅಂದಾನೆಪ್ಪ ಅದನ್ನು ಬಹಳ ಹೊತ್ತು ನೋಡಿದ. ಎರಡು ವರ್ಷ ಮೊಬೈಲಿನಲ್ಲಿ ಎಷ್ಟೆಲ್ಲ ಕಲಿತಿದ್ದ, ಗೋಡೆಯ ಆಚೆಗೆ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಸಿದ್ದಲಿಂಗವ್ವನೂ ಸುತ್ತು ಹಾಕಿ ಬಂದು ಗಂಗಾಳ ಪಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಗಂಡನ ಮುಖವನ್ನು ಒಮ್ಮೆ ನೋಡಿ, ತನ್ನ ಕಪ್ಪಿನಲ್ಲಿದ್ದ ಚಹಾದಲ್ಲಿ ಅರ್ಧವನ್ನು ಅವನಿಗೆ ಬಗ್ಗಿಸಿದಳು.

ಗೀರುಗಳು ಪೂರ್ತಿ ಹೋಗಲಿಲ್ಲ. ಮೇಲಿನವು ಅಳಿಸಿದವು, ಆಳದವು ಉಳಿದವು. ಬಿಸಿಲು ಓರೆಯಾಗಿ ಬಿದ್ದಾಗ ಕಾಣುತ್ತವೆ. ಪೇಂಟಿನವನ ಹತ್ತಿರ ಹೋಗುವುದು ಬೇಡ ಎಂದು ಇಬ್ಬರೂ ಒಪ್ಪಿದರು.

ಮಧ್ಯಾಹ್ನ ಅಲ್ಲೇ ಉಂಡರು. ಉಣ್ಣುವಾಗ ರಾಮದುರ್ಗಕ್ಕೆ ಕೊಟ್ಟಿದ್ದ ತಂಗಿ ಯಶೋಧಾ ಫೋನು ಮಾಡಿದಳು. ಬರುವ ಸೋಮವಾರ ಮೊಮ್ಮಗಳಿಗೆ ಹೆಸರಿಡುತ್ತೇವೆ, ಯಾರು ಬರುತ್ತೀರಿ ಎಂದು ಕೇಳಿದಳು. ಎರಡು ವರ್ಷದಿಂದ ಅವಳ ಮನೆಯ ಯಾವ ಕಾರ್ಯಕ್ಕೂ ಅಣ್ಣಂದಿರಲ್ಲಿ ಒಬ್ಬನೇ ಬರುತ್ತಿದ್ದ.

ನಿಂಗರಾಜ ಫೋನನ್ನು ಅಣ್ಣನ ಕೈಗೆ ಕೊಟ್ಟ. ಅಂದಾನೆಪ್ಪ ತುತ್ತು ನುಂಗಿ, "ನಾಕೂ ಮಂದಿ ಬರತೇವಿ. ನಿಂಗ್ಯಾ ಗಾಡಿ ಹೊಡೀತಾನ," ಅಂದ. ಆ ಕಡೆಯಿಂದ ಯಶೋಧಾ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಫೋನು ಕಟ್ಟಾಯಿತೇನೋ ಎಂದು ಅವನು ಎರಡು ಸಲ ಅವಳ ಹೆಸರು ಕರೆದ.

"ಇಲ್ಲೇ ಅದೀನೋ ಅಣ್ಣಾ," ಅಂದಳು ಆಮೇಲೆ. "ಹೋಳಿಗಿಗೆ ಬ್ಯಾಳಿ ಎಷ್ಟ ನೆನಿ ಹಾಕ್ಬೇಕಂತ ಲೆಕ್ಕಾ ಮಾಡಾಕ ಹತ್ತಿದ್ದೆ."