ಬೀಗದೊಳಗೆ ಬೀಗರು

ಪಾರ್ವತೆವ್ವನ ವಿಮಾನ ಮರುದಿನ ಮಧ್ಯಾಹ್ನಕ್ಕೆ. ಅಲ್ಲಿಯವರೆಗೆ ಆಕೆಗೆ ಗೊತ್ತಾಗಬಾರದ ಸಂಗತಿ ಒಂದೇ ಒಂದು: ಮಗಳು ಭುವನೇಶ್ವರಿ ಗಂಡ ಸುಶಾಂತನನ್ನು ಬಿಟ್ಟು ಮೂರು ತಿಂಗಳಾಗಿತ್ತು. ಸಟನ್ನಿನಲ್ಲಿ, ತಾನು ಕೆಲಸ ಮಾಡುವ ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದಿದ್ದಳು. ತಾಯಿ ವಿಜಯಪುರದಿಂದ ಬಂದ ಈ ಹದಿನೈದು ದಿನ ಮಾತ್ರ ಆಸ್ಪತ್ರೆಯ ಡ್ಯೂಟಿ ಮುಗಿಸಿ ಹೀಥ್ರೂ ವಿಮಾನ ನಿಲ್ದಾಣದ ಹತ್ತಿರದ ಹೇಸ್‌ನ ಅತ್ತೆಮನೆಗೆ ಬಂದು ಸೊಸೆಯ ಡ್ಯೂಟಿ ಮಾಡುತ್ತಿದ್ದಳು.

"ಊರು ಮುಟ್ಟಿದ ಮ್ಯಾಲೆ ನಾನ ಫೋನ್ ಮಾಡಿ ಹೇಳ್ತೀನಿ. ಇಲ್ಲೆ ಗೊತ್ತಾದ್ರ ಅವ್ವ ವಿಮಾನ ಹತ್ತಂಗಿಲ್ಲ," ಎಂದು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದಳು.

ಕೊನೆಯ ದಿನ ಮನೆಯಲ್ಲೇ ಕೂತರೆ ಯಾರದಾದರೂ ಬಾಯಿ ಜಾರೀತೆಂದು ಹೆದರಿದವನು ಸುಶಾಂತನ ಅಪ್ಪ ನಾಗಲಿಂಗಪ್ಪ. ಅದಕ್ಕೇ ಇಡೀ ದಿನಕ್ಕೆ ಒಂದು ನ್ಯಾರೋಬೋಟ್, ಅಂದರೆ ಕಾಲುವೆಯಲ್ಲಿ ಓಡುವ ಸಪೂರ ದೋಣಿ, ಬಾಡಿಗೆಗೆ ಹಿಡಿದ. ದೋಣಿಯಲ್ಲಿ ಕಾಲು ಜಾರಬಹುದು, ಎಂಜಿನ್ನಿನ ಸದ್ದಿಗೆ ಬಾಯಿ ಜಾರಿದರೂ ಕೇಳಿಸಲಿಕ್ಕಿಲ್ಲ ಎಂಬುದು ಅವನ ಲೆಕ್ಕಾಚಾರ. ಹೆಂಡತಿ ಚಂದ್ರವ್ವ ಮೊಣಕಾಲಿನ ನೆಪ ಹೇಳಿ, ಜೋಳದ ರೊಟ್ಟಿಯ ಬುತ್ತಿ ಕಟ್ಟಿಕೊಟ್ಟು ಮನೆಯಲ್ಲೇ ಉಳಿದಳು. ಆಕೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

ಅಕ್ಟೋಬರ್ ಕಡೆಯ ಭಾನುವಾರ. ತೊಳೆದಷ್ಟೂ ಕೊಳೆಯಾಗುವ ಬಟ್ಟೆಯಂಥ ಆಕಾಶ, ಜಿನುಗು ಮಳೆ. ಏಳಡಿ ಅಗಲ, ಐವತ್ತಡಿ ಉದ್ದದ ದೋಣಿ ಯಾರೋ ನೀರಿಗೆ ತಳ್ಳಿದ ರೈಲಿನ ಬೋಗಿಯಂತಿತ್ತು. ಬಾಡಿಗೆಯವನು ಹಿಂಬದಿಯ ಚುಕ್ಕಾಣಿ ತೋರಿಸಿ 'ಟಿಲ್ಲರ್' ಎಂದ.

"ಟಿಲ್ಲರ್ ನಮ್ಮ ಹೊಲದಾಗೂ ಅದರಿ," ಎಂದಳು ಪಾರ್ವತೆವ್ವ. "ಇಲ್ಲೆ ಏನ್ ಉಳ್ತಾರ?"

"ನೀರು ಉಳ್ತಾರ್ರಿ ಬೀಗರ. ಬಿತ್ತಂಗಿಲ್ಲ, ಬೆಳಿಯಂಗಿಲ್ಲ."

ಈ ಟಿಲ್ಲರನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಮಗ-ಸೊಸೆಯ ಜೊತೆ ಮೂರು ವರ್ಷ ಒಂದೇ ಮನೆಯಲ್ಲಿದ್ದ ನಾಗಲಿಂಗಪ್ಪನಿಗೆ ಅದು ಬೇಗ ರೂಢಿಯಾಯಿತು.

ದಾರಿಯಲ್ಲಿ, ಕೌಲಿ ಎಂಬ ಊರಿನಲ್ಲಿ, ಒಂದು ಲಾಕ್ ದಾಟಬೇಕಿತ್ತು. ತಗ್ಗಿನ ನೀರಿಗೂ ಎತ್ತರದ ನೀರಿಗೂ ನಡುವೆ ಎರಡು ಕಡೆ ಬಾಗಿಲುಳ್ಳ ಆಳದ ತೊಟ್ಟಿ ಅದು. ದೋಣಿ ಒಳಗೆ ಬಂದಮೇಲೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನಿಂದ ನೀರು ಬಿಟ್ಟರೆ ದೋಣಿ ತಾನಾಗಿ ಮೇಲೇಳುತ್ತದೆ. ನೀರು ಬಿಡುವ ಕಿಂಡಿಯನ್ನು ತೆರೆಯಲು ಬಾಡಿಗೆಯವನು ಒಂದು ಡೊಂಕು ಕಬ್ಬಿಣದ ಹಿಡಿಕೆ ಕೊಟ್ಟು ಅದನ್ನು 'ಕೀ' ಎಂದ.

"ಲಾಕ್ ಅಂದ್ರ ಬೀಗ. ಅಂದ್ರ ನಾವಿಬ್ಬರೂ ಬೀಗರು ಇವತ್ತ ಬೀಗದಾಗ," ಎಂದು ನಾಗಲಿಂಗಪ್ಪ ತನ್ನ ಮಾತಿಗೆ ತಾನೇ ಬೀಗಿದ. ಹಿಡಿಕೆಯನ್ನು ಭುವನೇಶ್ವರಿಯ ಕೈಗಿಟ್ಟು, "ಕೀಲಿಕೈ ಯಾವಾಗಲೂ ಮನಿ ಸೊಸಿ ಕಡೆನ ಇರಬೇಕು," ಎಂದ.

"ಅಂತೂ ಒಂದು ಕೀಲಿಕೈ ಕೊಟ್ರಿ," ಎಂದಳು ಪಾರ್ವತೆವ್ವ.

ಎಲ್ಲರೂ ನಕ್ಕರು. ಆಕೆ ನಗಲಿಲ್ಲ.

ದೋಣಿ ಹೊರಟಿತು. ಗೋದಾಮುಗಳ ಬೆನ್ನು, ನೀರಿನಲ್ಲಿ ಅರ್ಧ ಮುಳುಗಿದ ಸೂಪರ್‌ಮಾರ್ಕೆಟ್ ಟ್ರಾಲಿ, ಮಾಡಿನ ಮೇಲೆ ಸೌದೆ ಪೇರಿಸಿಕೊಂಡು ದಂಡೆಗೆ ಕಟ್ಟಿಸಿಕೊಂಡ ದೋಣಿಗಳು. ದಂಡೆಯ ಮೇಲೆ ನಾಯಿ ಹಿಡಿದು ನಡೆಯುತ್ತಿದ್ದ ಮುದುಕಿಯೊಬ್ಬಳು ಇವರನ್ನು ಹಿಂದೆ ಹಾಕಿ ಹೋದಳು. ಹೀಥ್ರೂ ಕಡೆಯಿಂದ ವಿಮಾನ ಎದ್ದಾಗಲೆಲ್ಲ ಪಾರ್ವತೆವ್ವ ತಲೆಯೆತ್ತಿ ನೋಡುತ್ತಿದ್ದಳು.

"ಭುವಿ, ಚಹಾ?" ಸುಶಾಂತ ಕಪ್ ಚಾಚಿದ.

"ಥ್ಯಾಂಕ್ಸ್."

"ಗಂಡಗ ಥ್ಯಾಂಕ್ಸ್ ಅಂತಾರೇನ?" ಎಂದಳು ತಾಯಿ.

"ಇಲ್ಲೆ ಎಲ್ಲಾರೂ ಅಂತಾರವ್ವ."

"ಮೊದಲ ನೀ ಅಂತಿದ್ದಿಲ್ಲ. ಫೋನಿನ್ಯಾಗ ಕೇಳೀನಲ್ಲ. 'ಸಕ್ರಿ ಯಾಕ ಹಾಕಿಲ್ಲೋ' ಅಂತಿದ್ದಿ."

ಸುಶಾಂತ ದೋಣಿಯ ಮುಂಭಾಗಕ್ಕೆ ಹೋಗಿ, ನೋಡಲು ಏನೂ ಇಲ್ಲದ ಕಡೆ ನೋಡುತ್ತ ನಿಂತ.

ಕೌಲಿಯಲ್ಲಿ ಗಂಡ ಹೆಂಡತಿ ಇಬ್ಬರೂ ದಂಡೆಗೆ ಇಳಿದರು. ನಾಗಲಿಂಗಪ್ಪ ದೋಣಿಯನ್ನು ಎರಡು ಸಲ ಗೋಡೆಗೆ ಗುದ್ದಿಸಿ ತೊಟ್ಟಿಯೊಳಗೆ ತಂದು ನಿಲ್ಲಿಸಿದ. ಹಿಂದಿನ ಬಾಗಿಲಿಗೆ ಎರಡು ರೆಕ್ಕೆ. ಆ ದಂಡೆಯಿಂದ ಸುಶಾಂತ, ಈ ದಂಡೆಯಿಂದ ಭುವನೇಶ್ವರಿ, ಬೆನ್ನು ಕೊಟ್ಟು ತಳ್ಳಿದರು. ಬಾಗಿಲು ಮುಚ್ಚಿತು. ಎಂಜಿನ್ ನಿಂತಿತು. ಪಾಚಿ ಹಿಡಿದ ಗೋಡೆಗಳ ನಡುವೆ, ಬಾವಿಯ ತಳದಂಥ ಜಾಗದಲ್ಲಿ ಬೀಗರಿಬ್ಬರೇ ಉಳಿದರು. ಮೇಲಿನ ಗೂಟಕ್ಕೆ ಸುತ್ತಿದ ಹಗ್ಗದ ತುದಿ ನಾಗಲಿಂಗಪ್ಪನ ಕೈಯಲ್ಲಿತ್ತು.

"ಬೀಗರ, ನನ್ನ ಮಗಳು ದಿನಾ ಬೆಲ್ ಬಾರಿಸಿ ಒಳಗ ಬರ್ತಾಳಲ್ರಿ."

"ಹಂಗಂದ್ರ?"

"ತನ್ನ ಮನಿಗೆ ಯಾರರ ಬೆಲ್ ಬಾರಸ್ತಾರೇನ್ರಿ?" ಪಾರ್ವತೆವ್ವ ಪರ್ಸಿನಿಂದ ಒಂದು ಕೀಲಿಕೈ ತೆಗೆದಳು. "ಬಂದ ಮೂರನೇ ದಿನ ಇದನ್ನ ನನಗ ಕೊಟ್ರಿ, ಅಡ್ಡಾಡಲಿಕ್ಕೆ ಬೇಕಾಗ್ತದ ಅಂತ. ಈ ಗುಂಬಜದ ಕೀಚೈನ್ ಅಕಿ ಲಗ್ನ ಆಗಿ ಇಲ್ಲಿಗೆ ಬರೋ ಮುಂದ ನಾನ ಕೊಡಿಸಿದ್ದು."

ಕೀಚೈನಿನ ತುದಿಯಲ್ಲಿ ಹಿತ್ತಾಳೆಯ ಪುಟ್ಟ ಗೋಲಗುಮ್ಮಟ ತೂಗುತ್ತಿತ್ತು. ಮನೆ ಬಿಡುವ ದಿನ ಭುವನೇಶ್ವರಿ ಅದನ್ನು ಫ್ರಿಜ್ಜಿನ ಮೇಲಿಟ್ಟು ಹೋಗಿದ್ದಳು. ನಾಟಕಕ್ಕೆಂದು ಬಾತ್‌ರೂಮಿನ ಬ್ರಷ್, ಗೋಡೆಯ ಮದುವೆ ಫೋಟೋ ಎಲ್ಲ ಹೊಂದಿಸಿದ ನಾಗಲಿಂಗಪ್ಪ, ಕೈಗೆ ಸಿಕ್ಕ ಕೀಲಿಕೈಯನ್ನು ಬೀಗಿತ್ತಿಗೇ ಕೊಟ್ಟಿದ್ದ.

"ಮೆಲ್ಲಕ ಮಾತಾಡ್ರಿ, ಮ್ಯಾಲೆ ಕೇಳಸ್ತದ," ಎಂದ.

"ಗುಂಬಜದ ಊರಾಕಿ ನಾ. ಎಷ್ಟು ಸಣ್ಣಗ ಮಾತಾಡಬೇಕು ಅನ್ನೂದು ನನಗ ಗೊತ್ತದ." ಆಕೆ ಕೀಲಿಕೈಯನ್ನು ಅವನ ಕೋಟಿನ ಜೇಬಿಗೆ ಹಾಕಿದಳು. "ನಾಳೆ ನಾ ವಿಮಾನ ಹತ್ತತೀನಿ. ಅಕಿ ಫೋನ್ ಮಾಡಿದಾಗ ಮೊದಲನೇ ಸಲ ಕೇಳಿದಂಗ ಅಳ್ತೀನಿ. ಹದಿನೈದು ದಿವಸ ಅಲ್ಲಿಂದಿಲ್ಲಿಗೆ ಓಡ್ಯಾಡಿ ಸಣ್ಣ ಆಗ್ಯಾಳ. ಅಕಿ ಮಾಡಿದ್ದು ದಂಡ ಆಗಬಾರದು. ನೀವೂ ಹೇಳಬ್ಯಾಡ್ರಿ."

"ಇಲ್ರಿ."

"ಆದ್ರ ಒಂದು ಕೇಳಬೇಕಾಗಿತ್ತು. ಈ ಸಂಬಂಧ ಮುಗಿದ ಮ್ಯಾಲೆ ನಿಮ್ಮನ್ನ ಏನಂತ ಕರೀಬೇಕು?"

ನಾಗಲಿಂಗಪ್ಪ ಬಾಯಿ ತೆರೆದ. ಮೇಲೆ ಭುವನೇಶ್ವರಿ ಹಿಡಿಕೆ ತಿರುಗಿಸಿದಳು. ಮುಂದಿನ ಬಾಗಿಲ ಬುಡದಿಂದ ನೀರು ಭೋರೆಂದು ನುಗ್ಗಿತು. ದೋಣಿ ಹೊಯ್ದಾಡಿತು. ಆತ ಎರಡೂ ಕೈಯಿಂದ ಹಗ್ಗ ಹಿಡಿದ. ಆ ಸದ್ದಿನಲ್ಲಿ ಏನು ಹೇಳಿದರೂ ಕೇಳಿಸುತ್ತಿರಲಿಲ್ಲ.

ದೋಣಿ ಗೇಣು ಗೇಣಾಗಿ ಏರಿತು. ಮೊದಲು ಸುಶಾಂತನ ಬೂಟು ಕಂಡಿತು, ಆಮೇಲೆ ಆಚೆ ದಂಡೆಯಲ್ಲಿ ಭುವನೇಶ್ವರಿಯ ತೋಯ್ದ ಮುಖ. ಒಳಗಿನ ನೀರು ಹೊರಗಿನದಕ್ಕೆ ಸಮನಾಗಿ ಸದ್ದಡಗಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಒಂದೊಂದು ರೆಕ್ಕೆ ತಳ್ಳಿ ಬಾಗಿಲು ತೆರೆದರು.

"ಅವ್ವ, ಹೆದರಿದೇನ?" ಎಂದು ಕೂಗಿದಳು ಮಗಳು.

"ನನಗೇನ ಆಗ್ತದ? ಬೀಗರು ಇದ್ರಲ್ಲ," ಎಂದಳು ಪಾರ್ವತೆವ್ವ, ಎರಡೂ ದಂಡೆಗೆ ಕೇಳುವಂತೆ. ನಾಗಲಿಂಗಪ್ಪ ಇನ್ನೂ ಹಗ್ಗ ಬಿಗಿಹಿಡಿದೇ ನಿಂತಿದ್ದ. ಆಕೆ ಅವನ ಕಡೆ ತಿರುಗಿ ದನಿ ತಗ್ಗಿಸಿದಳು.

"ಹಗ್ಗ ಬಿಡ್ರಿ, ನಾಗಲಿಂಗಪ್ಪನವರ."